ತಾನೇ ತಂದ ರಸ್ತೆಯ ಮೇಲೆ ದಾವೆ

ವಕೀಲರ ಕರಿಕೋಟು ಬಹಳ ಬಿಸಿಲು ಕಂಡರೆ ಕಪ್ಪಾಗಿ ಉಳಿಯುವುದಿಲ್ಲ. ಹೆಗಲ ಮೇಲೆ ಒಂದು ಬಗೆಯ ಕಂದು ದಣಿವು ಹತ್ತಿಬಿಡುತ್ತದೆ. ಮೊನ್ನೆ ಧರ್ಮಪುರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ನನ್ನ ಕೋಟಿನಲ್ಲೂ ಆ ಬಣ್ಣ ಕಂಡು, ಈ ಕಸುಬು ಕಲಿಸಿದ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ವಕೀಲರು, ಒಂದೇ ಒಂದು ಅವಧಿಗೆ ಶಾಸಕರೂ ಆಗಿದ್ದವರು. ಆ ಐದು ವರ್ಷ ಚೆನ್ನೈಗೆ ಅಲೆದಲೆದು ಅವರು ತಂದದ್ದು ನಲ್ಲಂಪಳ್ಳಿಯಾಚೆಯ ಒಂದು ಹಳ್ಳಿಗೆ ಡಾಂಬರು ರಸ್ತೆ. ಮುಂದಿನ ಚುನಾವಣೆಯಲ್ಲಿ ಸೋತು ಮತ್ತೆ ಕೋರ್ಟಿಗೆ ಬಂದ ವಾರದಲ್ಲೇ ಆ ಹಳ್ಳಿಯ ಮುನಿಯಮ್ಮ ಬಂದಳು. ಅಳತೆಗೆ ಬಂದವರು ಗೆರೆ ತಪ್ಪಿ ಎಳೆದು, ಅವಳ ಬಾವಿಯನ್ನು ಮುಚ್ಚಿ ಅದರ ಮೇಲೆಯೇ ರಸ್ತೆ ಹಾಯಿಸಿದ್ದರು. ಬೇರೆ ವಕೀಲರ ಬಳಿ ಹೋಗಬಾರದೇ ಎಂದು ಆಗಷ್ಟೇ ಜೂನಿಯರಾಗಿ ಸೇರಿದ್ದ ನಾನು ಕೇಳಿದೆ. ಅವಳು ನನ್ನ ಕಡೆ ತಿರುಗದೆ ದೊಡ್ಡಪ್ಪನಿಗೇ ಹೇಳಿದಳು.

“ನೀನ್ ತಂದ ರೋಡು. ನೀನೇ ಕೇಳು ಸಾಮಿ.”

ದೊಡ್ಡಪ್ಪ ಸರ್ಕಾರದ ಮೇಲೆ ದಾವೆ ಹೂಡಿದರು. ಎದುರು ವಕೀಲರು ದೊಡ್ಡಪ್ಪನದೇ ಹೆಸರು ಕೆತ್ತಿದ ಉದ್ಘಾಟನೆಯ ಕಲ್ಲಿನ ಫೋಟೋ ಎತ್ತಿ ತೋರಿಸಿದಾಗ ಕೋರ್ಟಿಗೆ ಕೋರ್ಟೇ ನಕ್ಕಿತು. ನಗು ಅಡಗಿದ ಮೇಲೆ ದೊಡ್ಡಪ್ಪ ತಮಿಳಿನಲ್ಲಿ ಹೇಳಿದ್ದು ಇಷ್ಟೇ: ಅಂದು ಹಾರ ಹಾಕಿಸಿಕೊಂಡು ಅಲ್ಲೇ ನಿಂತಿದ್ದೆ, ಕಾಲ ಕೆಳಗೆ ಏನಿತ್ತೆಂದು ಕೇಳಲಿಲ್ಲ.

ವಾಯಿದೆಯ ಮೇಲೆ ವಾಯಿದೆ ಬಿದ್ದು ದಾವೆ ಹನ್ನೊಂದು ವರ್ಷ ನಡೆಯಿತು. ಅಷ್ಟರಲ್ಲಿ ದೊಡ್ಡಪ್ಪನ ಹಳೆಯ ಬೆಂಬಲಿಗರೆಲ್ಲ ದೂರವಾದರು. ತಂದ ಒಂದೇ ಒಳ್ಳೆಯದನ್ನೂ ತಾನೇ ತಪ್ಪೆನ್ನುವವನನ್ನು ಯಾರು ತಾನೇ ಹೊತ್ತು ತಿರುಗುತ್ತಾರೆ, ಹೇಳಿ? ಕೊನೆಗೆ ಗೆದ್ದೆವು. ಬದಲಿಗೆ ಇನ್ನೊಂದು ಬಾವಿ ತೋಡಿಸಿಕೊಡಬೇಕೆಂದು ತೀರ್ಪಾಯಿತು. ತೋಡಿದರು. ನೀರು ಬರಲಿಲ್ಲ.

ಆ ಸುದ್ದಿ ಕೇಳಿ ನಾವಿಬ್ಬರೂ ಅಲ್ಲಿಗೆ ಹೋದೆವು. ಮುನಿಯಮ್ಮ ತಲೆಯ ಮೇಲೆ ಕೊಡ ಹೊತ್ತು ಆ ರಸ್ತೆಯಲ್ಲೇ ಎದುರಾದಳು.

“ನನ್ ಮೊಮ್ಮಗಳು ಇದೇ ರೋಡಲ್ಲಿ ಬಸ್ ಅತ್ತಿ ಕಾಲೇಜ್ಗೆ ಓಗ್ತಾಳೆ,” ಎಂದಳು ಅವಳು. “ನಿನ್ನ ಬೈಯೋಕೂ ಆಗಲ್ಲ, ಒಗಳೋಕೂ ಆಗಲ್ಲ ಸಾಮಿ. ಬಿಸಿಲು ಜಾಸ್ತಿ ಐತೆ. ಬಾ, ತಣ್ಣಿ ಕುಡಿ.”

ಅಷ್ಟು ದೂರದಿಂದ ಹೊತ್ತು ತಂದ ನೀರು. ದೊಡ್ಡಪ್ಪ ಬೇಡವೆನ್ನಲಿಲ್ಲ. ಜಗಲಿಯ ಮೇಲೆ ಕೂತು, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯನ್ನೂ ಕೆಳಗೆ ಬೀಳಿಸದೆ, ನಿಧಾನವಾಗಿ ಅಷ್ಟನ್ನೂ ಕುಡಿದರು.