ಎರಡು ಲೋಟಗಳ ಬಿಳಿ ವೈನ್

ಮಹಾಮಾರಿಯ ವರ್ಷದಲ್ಲಿ ನನ್ನ ತಮ್ಮನಿಗೆ ಬಂದ ಜ್ವರ ಹತ್ತು ದಿನಗಳಲ್ಲಿ ಇಳಿಯಿತು. ವಾಸನೆಯ ಅರಿವು ಮಾತ್ರ ಮರಳಲಿಲ್ಲ. ಬೇಗಂಪೇಟೆಯ ದೊಡ್ಡ ಹೋಟೆಲೊಂದರಲ್ಲಿ, ಯಾವ ಊಟಕ್ಕೆ ಯಾವ ವೈನ್ ಹೊಂದುತ್ತದೆಂದು ಅತಿಥಿಗಳಿಗೆ ಹೇಳುವುದು ಅವನ ಉದ್ಯೋಗವಾಗಿತ್ತು. ಎಂಟು ತಿಂಗಳು ಅವನು ಈ ಸಂಗತಿಯನ್ನು ನನ್ನೊಬ್ಬಳ ಹೊರತು ಯಾರಿಗೂ ತಿಳಿಸದೆ, ಹಳೆಯ ನೆನಪಿನ ಬಲದಿಂದಲೇ ಕೆಲಸ ತೂಗಿಸಿದ.

ಆಮೇಲೆ ಹೋಟೆಲಿಗೆ ಹೊಸದೊಂದು ಫ್ರೆಂಚ್ ಬಿಳಿ ವೈನ್ ಬಂತು. ಅದರ ವಿಷಯದಲ್ಲಿ ನೆನಪು ನೆರವಾಗುವಂತಿರಲಿಲ್ಲ. ಸೋಮವಾರ ಅಡುಗೆಯವರೆದುರು ಅದರ ಗುಣವನ್ನು ವಿವರಿಸಬೇಕಾಗಿತ್ತು. ಭಾನುವಾರ ಮಧ್ಯಾಹ್ನ ಅವನು ಬಾಲಾನಗರದ ನನ್ನ ಮನೆಗೆ ಎರಡು ಬಾಟಲಿ ಹಿಡಿದು ಬಂದ. ಒಂದು ಆ ಹೊಸದು; ಇನ್ನೊಂದು, ಹೋಲಿಸಿ ನೋಡಲು ತಂದ ದೇಶಿ ವೈನ್.

"ಅಕ್ಕಾ, ನಿನ್ನ ಮೂಗು, ನಾಲಿಗಿ ಒಂದ್ ತಾಸು ನನಗ ಕೊಡು," ಎಂದ.

ನಮ್ಮದು ಮೊಟ್ಟೆಯೂ ಒಳಬರದ ಮನೆ. ದೇವರ ಕೋಣೆಯ ಬಾಗಿಲು ಮುಚ್ಚಿ, ಹಿಂದಿನ ಬಾಲ್ಕನಿಯಲ್ಲಿ ಕುಳಿತೆವು. ಗಾಜಿನ ಲೋಟಗಳಿರಲಿಲ್ಲ, ಸ್ಟೀಲಿನವನ್ನು ತಂದೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಂತೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿದೆ: ವಾಸನೆ, ರುಚಿ, ಜೊತೆಗಿನ ಪದಾರ್ಥ.

"ಸಾಲಿ ಬಿಟ್ಟರೂ ಪರೀಕ್ಷಾ ಬಿಟ್ಟಿಲ್ಲ ನೋಡು," ಎಂದು ನಕ್ಕ.

ಹೊಸದು ಎರಡು ದ್ರಾಕ್ಷಿಗಳ ಬೆರಕೆ, ಒಂದು ಹುಳಿಯ ಚುರುಕನ್ನು ಕೊಟ್ಟರೆ ಇನ್ನೊಂದು ರುಚಿಗೆ ಮೈ ತುಂಬಿಸುತ್ತದೆ ಎಂದು ವಿವರಿಸಿದ. ಮೀನು, ಸೀಗಡಿ, ಮೇಕೆಹಾಲಿನ ಚೀಸ್ ಇದಕ್ಕೆ ಹೊಂದುತ್ತವೆಂದು ಬಾಟಲಿಯ ಮೇಲೆಯೇ ಬರೆದಿದೆ. ಆದರೆ ಅದನ್ನೇ ಓದಿ ಹೇಳಿದರೆ ಅಡುಗೆಯವರು ನಗುತ್ತಾರೆ ಎಂದ. ಬದುಕಿನಲ್ಲಿ ಮೊದಲ ಬಾರಿ ವೈನನ್ನು ತುಟಿಗೆ ಮುಟ್ಟಿಸಿದೆ. ಕೊಯ್ದ ಹುಲ್ಲು, ನಿಂಬೆಯ ಸಿಪ್ಪೆ, ಕೊನೆಗೆ ಜೇನಿನ ಒಂದೆಳೆ ಎಂದು ಬರೆದೆ. ಪುಂಡಿಪಲ್ಯದೊಂದಿಗೆ ಎರಡು ಹುಳಿಗಳು ಜಗಳವಾಡಿದವು. ಶೇಂಗಾ ಹಿಂಡಿಯ ಖಾರದೆದುರು ಅದು ಬರಿಯ ನೀರಾಯಿತು. ಹೆಸರುಬೇಳೆಯ ಕೋಸಂಬರಿಯೊಂದಿಗೂ, ಉಪ್ಪು ಮಾತ್ರ ಉದುರಿಸಿದ ಪನೀರಿನೊಂದಿಗೂ ಸೌಮ್ಯವಾಗಿ ಬೆರೆಯಿತು. ನನ್ನ ಒಂದೊಂದು ಪದವನ್ನೂ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.

ಬಳಿಕ, ತನ್ನನ್ನೂ ಪರೀಕ್ಷಿಸೆಂದ. ಯಾವ ಲೋಟದಲ್ಲಿ ಯಾವುದಿದೆಯೆಂದು ಹೇಳಬಾರದು, ಹೊಸದನ್ನು ತಾನೇ ಗುರುತಿಸುತ್ತೇನೆಂದ. ಒಳಗೆ ಹೋಗಿ ಎರಡನ್ನೂ ಸುರಿದು ತಂದೆ. ಅವನು ಮೂಸಿದ, ಗುಟುಕರಿಸಿದ, ಮತ್ತೆ ಮೂಸಿದ. ಬಹಳ ಹೊತ್ತಿನ ಮೇಲೆ ದೇಶಿ ವೈನಿದ್ದ ಲೋಟವನ್ನು ಎತ್ತಿ ಹಿಡಿದ.

"ಇದ ಅಕ್ಕಾ. ಹುಲ್ಲಿನ ವಾಸನಿ ಬರಾಕತ್ತೈತಿ." ಅವನ ಕಣ್ಣುಗಳು ತುಂಬಿದ್ದವು.

ಇಪ್ಪತ್ತೆರಡು ವರ್ಷಗಳ ಅಧ್ಯಾಪನದಲ್ಲಿ ಒಬ್ಬರ ತಪ್ಪನ್ನೂ ತಿದ್ದದೆ ಬಿಟ್ಟವಳಲ್ಲ ನಾನು. ಅಂದು, ಹೌದು, ಅದೇ ಎಂದೆ.

ನಾನು ಬರೆದ ಹಾಳೆ ಇನ್ನು ಬೇಕಿಲ್ಲವೆಂದು ಅಲ್ಲಿಯೇ ಬಿಟ್ಟು ಹೋದ. ಮರುದಿನ ಹೋಟೆಲಿನಲ್ಲಿ ತನ್ನ ಮೂಗನ್ನೇ ನಂಬಿದ. ತೆರೆದ ಬಾಟಲಿಗಳಲ್ಲೊಂದು ಕೆಟ್ಟು, ಒದ್ದೆ ರಟ್ಟಿನಂತೆ ನಾರುತ್ತಿತ್ತಂತೆ. ಎಲ್ಲರೂ ಲೋಟ ಕೆಳಗಿಟ್ಟರು. ಅವನೊಬ್ಬನೇ ಅದನ್ನು ಹೊಗಳುತ್ತ ನಿಂತಿದ್ದ.

ಈಗ ಅದೇ ಹೋಟೆಲಿನ ಉಗ್ರಾಣದಲ್ಲಿ ಮೇಜುಹಾಸು, ಕುರ್ಚಿಗಳ ಉಸ್ತುವಾರಿ ಅವನದು. ಕಳೆದ ತಿಂಗಳು ನಮ್ಮಲ್ಲಿ ಊಟಕ್ಕೆ ಕುಳಿತಾಗ, ತಲೆಯೆತ್ತದೆ ಕೇಳಿದ: "ಅವತ್ತ ನಿನಗ ಗೊತ್ತಿತ್ತಲ್ಲ ಅಕ್ಕಾ?"

"ಗೊತ್ತಿತ್ತಪ್ಪ," ಎಂದೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಪಲ್ಯ ಬಡಿಸಲು ಹೋದೆ. ಕೈಯನ್ನು ತಟ್ಟೆಗೆ ಅಡ್ಡ ಹಿಡಿದ.