ಸ್ವಿಚ್ಚು ಹೊರಗೇ ಇರಲಿ

ದೊಡ್ಡ ಹೋಟೆಲ್ಲೊಂದರ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ನೆಲಮಾಳಿಗೆಯ ಹಬೆಯಲ್ಲಿ ನಿಂತು ಕಂಡವರು ಮಲಗೆದ್ದ ಬೆಡ್‌ಶೀಟುಗಳ ಸುಕ್ಕು ತೆಗೆದವಳು. ಎರಡು ಎಳೆತ, ಮೂರು ಮಡಿಕೆ. ಬಟ್ಟೆ ಇಟ್ಟಿಗೆಯ ಹಾಗೆ ಚೌಕವಾಗಿ ಕೂರಬೇಕು. ಮಾತು ಕಡಿಮೆ. ಸಿಟ್ಟು ಬಂದರೂ ಮುಖದಲ್ಲಿ ಕಾಣುತ್ತಿರಲಿಲ್ಲ, ಇಸ್ತ್ರಿಪೆಟ್ಟಿಗೆ ಮೇಜಿನ ಮೇಲೆ ಸ್ವಲ್ಪ ಜೋರಾಗಿ ಕೂರುತ್ತಿತ್ತು, ಅಷ್ಟೆ. ಜೊತೆಯವರು ಆ ಸದ್ದು ಕೇಳಿಯೇ, "ಇವತ್ತು ಅಕ್ಕನ ಮನೇಲಿ ಏನೋ ಆಗಿದೆ" ಅಂತ ಪಿಸುಗುಡುತ್ತಿದ್ದರು.

ಮನೆಯಲ್ಲಿ ಆಗುತ್ತಿದ್ದದ್ದು ದಿನವೂ ಒಂದೇ.

ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದುಬಿದ್ದ ಮೇಲೆ ಅವಳು ಅಣ್ಣ ಅತ್ತಿಗೆಯ ಜೊತೆಗೇ ಉಳಿದಳು. ಇಪ್ಪತ್ತೆರಡು ವರ್ಷ. ಆ ಮನೆಯ ಬಚ್ಚಲಿನ ಗೋಡೆಯಲ್ಲಿ ನೀರು ಹರಿಯುವಾಗಲೇ ಕಾಯಿಸುವ ಒಂದು ಪುಟ್ಟ ಗೀಸರ್ ಇತ್ತು. ಅದರ ಸ್ವಿಚ್ಚು ಮಾತ್ರ ಬಾಗಿಲ ಹೊರಗೆ. ಮೊದಲು ಅಣ್ಣನ ಸ್ನಾನ, ಆಮೇಲೆ ಅತ್ತಿಗೆಯದು, ಕೊನೆಗೆ ಇವಳದು. ಇವಳು ತಲೆಗೆ ಸೋಪು ಹಚ್ಚಿ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಹೊರಗೆ 'ಟಕ್' ಅನ್ನುತ್ತಿತ್ತು. ಹತ್ತು ಎಣಿಸುವಷ್ಟರಲ್ಲಿ ಬೆನ್ನ ಮೇಲೆ ಬೀಳುವ ನೀರು ಮಂಜುಗಡ್ಡೆ.

"ಸ್ವಿಚ್ ಆರಿಸಿದ್ರಾ ಅತ್ತಿಗೆ?" ಅಂತ ಮೊದಮೊದಲು ಒಳಗಿಂದಲೇ ಕೂಗುತ್ತಿದ್ದಳು.

"ಅಯ್ಯೋ, ನೀನಿನ್ನೂ ಒಳಗಿದ್ದೀಯಾ? ಮುಗೀತು ಅಂದ್ಕೊಂಡೆ!"

ಒಂದು ದಿನ ಹಾಗೆ ಅಂದುಕೊಳ್ಳಬಹುದು, ಒಂದು ವಾರ ಅಂದುಕೊಳ್ಳಬಹುದು. ಗರ್ಭಕೋಶದ ಆಪರೇಷನ್ ಆಗಿ ಆಸ್ಪತ್ರೆಯಿಂದ ಬಂದ ಮೊದಲ ದಿನವೂ ಅಂದುಕೊಂಡರೆ ಹೇಗೆ? ಅವತ್ತು ಅವಳು ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ಗೋಡೆಗೊರಗಿ, ಹಲ್ಲು ಕಟಕಟ ಅನ್ನುತ್ತಿದ್ದರೂ ತಣ್ಣೀರಿನಲ್ಲೇ ಸೋಪು ತೊಳೆದುಕೊಂಡು ಹೊರಬಂದಳು. ಅತ್ತಿಗೆ ಅಡುಗೆಮನೆಯಲ್ಲಿದ್ದಳು. ಅಣ್ಣ ಪೇಪರ್ ಓದುತ್ತಿದ್ದ. ಇವಳು ಯಾರಿಗೂ ಏನೂ ಹೇಳಲಿಲ್ಲ. ಆದರೆ ಅವತ್ತೇ ಹೊಟ್ಟೆಯೊಳಗೆ ಒಂದು ಕೆಂಡ ಬಿತ್ತು, ಅದರ ಮೇಲೆ ಅವಳು ಬೂದಿ ಮುಚ್ಚಿ ಜೋಪಾನವಾಗಿ ಇಟ್ಟುಕೊಂಡಳು.

ನಿವೃತ್ತಿಯಾದಾಗ ಕೈಗೆ ಬಂದದ್ದರಲ್ಲಿ ಒಂದು ಫ್ಲ್ಯಾಟ್ ಕೊಂಡಳು. ಎಂಟನೇ ಮಹಡಿ, ಎರಡು ಕೋಣೆ, ಒಂದು ಬಚ್ಚಲು. ಆ ಕಟ್ಟಡದಲ್ಲಿ ಎಲ್ಲವೂ ಕರೆಂಟಿನದೇ. ಗ್ಯಾಸ್ ಪೈಪೂ ಇಲ್ಲ, ಸಿಲಿಂಡರ್ ತರುವ ಹಾಗೂ ಇಲ್ಲ. ಬಚ್ಚಲಿನಲ್ಲಿ ಕಟ್ಟಿದವರು ಬಿಟ್ಟುಹೋದದ್ದು ಒಂದು ತಣ್ಣೀರ ನಲ್ಲಿ ಮಾತ್ರ. ಮೊದಲ ವಾರ ಕರೆಂಟ್ ಒಲೆಯ ಮೇಲೆ ಪಾತ್ರೆಯಿಟ್ಟು ನೀರು ಕಾಯಿಸಿಕೊಂಡಳು. ಬಿಸಿನೀರಿನ ಶವರ್ ಒಂದನ್ನು ಹಾಕಿಸಬೇಕು ಅಂದುಕೊಳ್ಳುತ್ತಿದ್ದಾಗ ಅಣ್ಣನ ಫೋನು ಬಂತು.

"ಮನೆ ಕೆಡವಿ ಹೊಸದಾಗಿ ಕಟ್ಟಿಸ್ತಿದ್ದೀವಿ ಕಣೆ. ನಾಲ್ಕು ತಿಂಗಳ ಕೆಲಸ. ಬಾಡಿಗೆ ಮನೆ ಯಾಕೆ, ತಂಗಿ ಮನೆ ಇದೆಯಲ್ಲ ಅಂತ ನಿಮ್ಮತ್ತಿಗೆ..."

ಕೆಂಡದ ಮೇಲಿನ ಬೂದಿ ಹಾರಿದ್ದು ಅವಳಿಗೇ ಗೊತ್ತಾಯಿತು.

"ಬನ್ನಿ ಅಣ್ಣ," ಅಂದಳು. "ಧಾರಾಳವಾಗಿ ಬನ್ನಿ." ತನ್ನ ದನಿಯಲ್ಲಿ ಅಷ್ಟು ಸಕ್ಕರೆ ಇದೆ ಅಂತ ಅವಳಿಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಮರುದಿನವೇ ಅಂಗಡಿಗೆ ಹೋದಳು. ಗೋಡೆಯ ತುಂಬ ಶವರುಗಳು ಸಾಲಾಗಿ ತಲೆತಗ್ಗಿಸಿ ನಿಂತಿದ್ದವು. ಅಂಗಡಿಯವನು ಒಳ್ಳೆಯ ಮನುಷ್ಯ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ವಿವರಿಸಿದ.

"ಗ್ಯಾಸ್ ಇಲ್ಲದ ಫ್ಲ್ಯಾಟಿಗೆ ಎರಡೇ ದಾರಿ ಅಮ್ಮ. ಒಂದು, ಟ್ಯಾಂಕ್ ಇರೋದು. ಮೊದಲೇ ನೀರು ಕಾಯಿಸಿ ಇಟ್ಕೊಳ್ಳುತ್ತೆ, ಶವರಲ್ಲಿ ಧಾರಾಳವಾಗಿ ಬೀಳುತ್ತೆ. ಮುಗಿದರೆ ಮತ್ತೆ ಕಾಯೋವರೆಗೆ ಕಾಯಬೇಕು."

"ನಡುವೆ ಸ್ವಿಚ್ ಆರಿಸಿದರೆ?"

"ಏನೂ ಆಗಲ್ಲ. ಕಾದ ನೀರು ಗಂಟೆಗಟ್ಟಲೆ ಬಿಸಿಯಾಗೇ ಇರುತ್ತೆ."

"ಹಾಗಾದ್ರೆ ಅದು ಬೇಡ."

ಅಂಗಡಿಯವನು ಕಣ್ಣು ಪಿಳಿಪಿಳಿ ಬಿಟ್ಟ. "ಇನ್ನೊಂದು ಇದು. ಟ್ಯಾಂಕ್ ಇಲ್ಲ, ಪೆಟ್ಟಿಗೆಯೊಳಗೆ ನೀರು ಹರೀತಾ ಹರೀತಾನೇ ಕಾಯುತ್ತೆ. ಚಳಿಗಾಲದಲ್ಲಿ ಧಾರೆ ಸ್ವಲ್ಪ ಸಣ್ಣ. ಆದರೆ ಎಷ್ಟು ಜನ ಮಿಂದರೂ ಮುಗಿಯಲ್ಲ. ಕರೆಂಟ್ ಮಾತ್ರ ಜಾಸ್ತಿ ಎಳೆಯುತ್ತೆ, ದಪ್ಪ ವೈರ್ ಬೇರೆಯಾಗಿ ಎಳೀಬೇಕು."

"ಸ್ವಿಚ್ ಆರಿಸಿದರೆ?"

"ಆ ಕ್ಷಣವೇ ತಣ್ಣೀರು ಅಮ್ಮ. ಅದೊಂದೇ ಇದರ ತೊಂದರೆ."

"ಇದನ್ನೇ ಕೊಡಿ," ಅಂದಳು ಇಸ್ತ್ರಿ ಅಕ್ಕ.

ಕೂರಿಸಲು ಬಂದ ಎಲೆಕ್ಟ್ರಿಷಿಯನ್ ತಲೆ ನರೆತವನು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ. ಮೀಟರ್ ಬೋರ್ಡಿನಿಂದ ಬಚ್ಚಲಿನ ತನಕ ದಪ್ಪ ವೈರ್ ಎಳೆದ. ಒಲೆಯ ಎಲ್ಲ ಪ್ಲೇಟುಗಳನ್ನೂ ಶವರನ್ನೂ ಒಟ್ಟಿಗೆ ಹಾಕಬೇಡಿ, ಮನೆಯ ಕರೆಂಟೆಲ್ಲ ಹೋಗುತ್ತೆ ಅಂದ. ಸ್ವಿಚ್ಚಿನ ವಿಷಯಕ್ಕೆ ಬಂದಾಗ, "ಒಳಗೆ ಛಾವಣಿಯಿಂದ ಹಗ್ಗ ಇಳಿಬಿಟ್ಟ ಸ್ವಿಚ್ ಹಾಕ್ತೀನಿ. ಒಳಗಿರೋರೇ ಎಳೆದುಕೊಳ್ಳಬಹುದು, ಒದ್ದೆ ಕೈಗೂ ಭಯ ಇಲ್ಲ," ಅಂದ.

"ಬೇಡ. ಹೊರಗೆ ಹಾಕಿ."

"ಹೊರಗೆ ಹಾಕಿದ್ರೆ ಯಾರಾದರೂ ಗೊತ್ತಿಲ್ಲದೆ ಆರಿಸಿಬಿಡ್ತಾರೆ ಅಮ್ಮ."

"ಗೊತ್ತಿದ್ದೇ ಆರಿಸೋರು ಆರಿಸ್ತಾರೆ. ನೀವು ಹೊರಗೇ ಹಾಕಿ." ಅವಳು ಒಂದು ಕುರ್ಚಿ ತಂದು ಬಚ್ಚಲ ಬಾಗಿಲ ಪಕ್ಕ ಇಟ್ಟು, ಕೂತು, ಕೈ ಚಾಚಿದಳು. "ಇಲ್ಲಿ. ನನ್ನ ಕೈಗೆ ಸಿಗೋ ಎತ್ತರಕ್ಕೆ."

ಅವನು ಅವಳ ಮುಖವನ್ನೊಮ್ಮೆ ನೋಡಿ, ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಗುರುತು ಹಾಕಿದ.

ಅಣ್ಣ ಅತ್ತಿಗೆ ಐದು ಪೆಟ್ಟಿಗೆಗಳೊಂದಿಗೆ ಬಂದರು. ಇಸ್ತ್ರಿ ಅಕ್ಕ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಳು, ಹೊಸ ಬೆಡ್‌ಶೀಟ್ ಹಾಸಿದಳು. "ನೋಡ್ರೀ, ಎಷ್ಟು ಅಚ್ಚುಕಟ್ಟು," ಅಂತ ಅತ್ತಿಗೆ ಗಂಡನಿಗೆ ಹೇಳಿದಳು. ಶವರ್ ನೋಡಿ ಇನ್ನೂ ಖುಷಿಯಾದಳು.

ಮರುದಿನ ಬೆಳಿಗ್ಗೆ ಮೊದಲು ಅಣ್ಣ ಮಿಂದ. ಇವಳು ಸ್ವಿಚ್ಚು ಮುಟ್ಟಲಿಲ್ಲ. ಆಮೇಲೆ ಅತ್ತಿಗೆ ಒಳಗೆ ಹೋದಳು. ಇಸ್ತ್ರಿ ಅಕ್ಕ ಕುರ್ಚಿಯಲ್ಲಿ ಕೂತು ಕಿವಿಗೊಟ್ಟಳು. ಮೈಮೇಲೆ ಬೀಳುವ ನೀರಿನ ಸದ್ದು ಬೇರೆ, ಪಕ್ಕಕ್ಕೆ ಸರಿದು ಸೋಪು ಹಚ್ಚುವಾಗ ನೆಲಕ್ಕೆ ಬೀಳುವ ನೀರಿನ ಸದ್ದು ಬೇರೆ. ಆ ಎರಡನೆಯ ಸದ್ದು ಬಂದಾಗ ಕೈ ಚಾಚಿದಳು.

ಟಕ್.

"ಅಯ್ಯಯ್ಯಪ್ಪಾ!" ಅಂತ ಒಳಗಿಂದ ಬಂದ ಕಿರುಚಾಟ ಕೇಳಿ ಅವಳಿಗೆ ಬೆನ್ನುಹುರಿಯ ಉದ್ದಕ್ಕೂ ಬೆಚ್ಚಗಾಯಿತು. ಆರು ತಿಂಗಳ ಸಂಬಳ ಒಟ್ಟಿಗೆ ಬಂದಿದ್ದರೂ ಅಷ್ಟು ಸುಖ ಆಗುತ್ತಿರಲಿಲ್ಲ.

"ನೀರು ತಣ್ಣಗಾಯ್ತು ಕಣೇ! ಏನಾಯ್ತು ನೋಡು!"

"ಹೌದಾ ಅತ್ತಿಗೆ? ಹೊಸದಲ್ವಾ, ಇನ್ನೂ ಪಳಗಿಲ್ಲ."

ಎಂಟು ದಿನ ಹೀಗೇ ನಡೆಯಿತು. ಅತ್ತಿಗೆಗೆ ನೆಗಡಿಯಾಯಿತು, ಮೂಗು ಕೆಂಪಗಾಯಿತು. ಶವರನ್ನು ಬೈದಳು, ಅಂಗಡಿಯವನನ್ನು ಬೈದಳು, ಒಂದು ಮಧ್ಯಾಹ್ನ ತಾನೇ ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸಿದಳು. ಅವನು ಬಂದು ಪೆಟ್ಟಿಗೆ ಬಿಚ್ಚಿ, ಕಾಲು ಗಂಟೆ ನೀರು ಬಿಟ್ಟು ಕೈಯೊಡ್ಡಿ ನಿಂತ. ನೀರು ಹಬೆಯಾಡುತ್ತಿತ್ತು. ಸ್ವಿಚ್ಚನ್ನು ನೋಡಿದ, ಪಕ್ಕದ ಕುರ್ಚಿಯನ್ನು ನೋಡಿದ, ಇಸ್ತ್ರಿ ಅಕ್ಕನನ್ನು ನೋಡಿದ.

"ಮಷೀನು ಸರಿಯಾಗೇ ಇದೆ ಅಮ್ಮ," ಅಂತ ಅತ್ತಿಗೆಗೆ ಹೇಳಿ ಸಾಮಾನು ಚೀಲಕ್ಕೆ ತುಂಬಿಕೊಂಡ. "ಮಷೀನಿನದೇನೂ ತಪ್ಪಿಲ್ಲ."

ಅತ್ತಿಗೆ ದಡ್ಡಿಯಲ್ಲ. ಮಾರನೆಯ ದಿನ ಒಳಗೆ ಹೋದವಳು ಸೀರೆ ಬಿಚ್ಚದೆ, ನೀರನ್ನಷ್ಟೇ ಬಿಟ್ಟು ಬಾಗಿಲ ಹಿಂದೆ ನಿಂತಳು. ಟಕ್ ಅಂದದ್ದೇ ತಡ, ಬಾಗಿಲು ದಡಾರನೆ ತೆರೆದಳು. ಇಸ್ತ್ರಿ ಅಕ್ಕನ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ.

"ನೀನಾ?" ಅತ್ತಿಗೆ ಕೇಳಿದಳು. "ನಾನು ನಿನಗೇನು ಅನ್ಯಾಯ ಮಾಡಿದ್ದೆ?"

"ಇಪ್ಪತ್ತೆರಡು ವರ್ಷ, ಅತ್ತಿಗೆ."

"ಏನು ಇಪ್ಪತ್ತೆರಡು ವರ್ಷ?"

ಅವಳು ಹೇಳಿದಳು. ಕೂಗಾಡಲಿಲ್ಲ. ಬಟ್ಟೆ ಮಡಿಸುವ ಹಾಗೆ ಒಂದೊಂದನ್ನೇ ತೆಗೆದು ಮುಂದಿಟ್ಟಳು: ಸೋಪು ತುಂಬಿದ ಕಣ್ಣು, ಚಳಿಗಾಲದ ಬೆಳಗುಗಳು, ಆಪರೇಷನ್ ಆದ ಹೊಟ್ಟೆ. ಅತ್ತಿಗೆ ಬಾಯಿ ಬಿಟ್ಟುಕೊಂಡು ಕೇಳಿದಳು. ಅವಳ ಮುಖದಲ್ಲಿ ಇದ್ದದ್ದು ನಾಟಕವಲ್ಲ, ನಿಜವಾಗಿಯೂ ಅವಳಿಗೆ ನೆನಪಿರಲಿಲ್ಲ. ಇಸ್ತ್ರಿ ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದೇ.

"ಯಾವಾಗಲೋ ಒಂದೆರಡು ಸಲ ಕೈಮರೆತು ಆರಿಸಿರಬಹುದು. ಅದನ್ನ ಇಷ್ಟು ದೊಡ್ಡದು ಮಾಡ್ತಾಳೆ ನೋಡಿ!" ಅತ್ತಿಗೆ ಆಚೆ ಪೇಪರ್ ಹಿಡಿದು ಕೂತಿದ್ದ ಗಂಡನ ಕಡೆ ತಿರುಗಿದಳು. "ನೀವೇ ಹೇಳ್ರೀ ನಿಮ್ಮ ತಂಗಿಗೆ."

ಅಣ್ಣ ಪೇಪರ್ ಕೆಳಗಿಟ್ಟ.

"ದಿನಾ ಆರಿಸ್ತಿದ್ದೆ," ಅಂತ ಹೆಂಡತಿಗೆ ಹೇಳಿದ. "ದಿನಾ. ನನಗೆ ಕೇಳಿಸ್ತಿತ್ತು."

ಈ ಒಂದು ಸಾಕ್ಷಿಗಾಗಿ ಇಸ್ತ್ರಿ ಅಕ್ಕ ಅರ್ಧ ಆಯಸ್ಸು ಕಾದಿದ್ದಳು. ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ ಅಂದುಕೊಂಡಿದ್ದಳು. ಆದರೆ ಆದದ್ದೇ ಬೇರೆ. ದಿನಾ ಕೇಳಿಸ್ತಿತ್ತು. ಒಡಹುಟ್ಟಿದವನು, ಸ್ವಿಚ್ಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು, ಟಕ್ ಅನ್ನುವುದನ್ನು ಕೇಳಿ, ಪೇಪರಿನ ಪುಟ ತಿರುಗಿಸುತ್ತಿದ್ದ. ಅತ್ತಿಗೆಗಾದರೋ ಮರೆತುಹೋಗಿತ್ತು. ಇವನಿಗೆ ನೆನಪಿತ್ತು. ಇಂಥವನಿಗೆ ಅವಳು ಇಷ್ಟು ದಿನ ಬಿಸಿನೀರು ಕೊಟ್ಟಿದ್ದಳು.

ಅತ್ತಿಗೆ ಅಂದೇ ಮಧ್ಯಾಹ್ನ ಮೂರು ಪೆಟ್ಟಿಗೆ ಕಟ್ಟಿಕೊಂಡು ತನ್ನ ತಂಗಿಯ ಮನೆಗೆ ಹೊರಟಳು. "ನೀವು ಬರ್ತೀರೋ ಇಲ್ವೋ?" ಅಂತ ಗಂಡನನ್ನು ಕೇಳಿದಳು. "ನೀನು ಹೋಗಿರು," ಅಂದ ಅಣ್ಣ. ಬಾಗಿಲು ಹಾಕಿದ ಸದ್ದಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು.

ಮರುದಿನ ಅಣ್ಣ ಟವಲು ಹೆಗಲಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಕೂತ ತಂಗಿಯನ್ನು ದಾಟಿ ಬಚ್ಚಲಿಗೆ ಹೋದ. ಸ್ವಲ್ಪ ಹೊತ್ತಿಗೆ ಅವಳು ಸ್ವಿಚ್ಚು ಆರಿಸಿದಳು. ಒಳಗಿಂದ ಒಂದು ಸಲ ಉಸಿರು ಜೋರಾಗಿ ಎಳೆದುಕೊಂಡ ಸದ್ದು ಬಂತು, ಕೂಗು ಬರಲಿಲ್ಲ. ನೀರು ಬೀಳುತ್ತಲೇ ಇತ್ತು. ತುಟಿ ನೀಲಿಯಾಗಿ ಹೊರಬಂದವನು ನೇರ ಕೋಣೆಗೆ ಹೋದ.

ದಿನವೂ ಇದೇ ನಡೆದು, ಹತ್ತನೆಯ ದಿನ ಅವನು ಸ್ನಾನ ಮುಗಿಸಿ ಬಂದು ಅವಳ ಮುಂದೆ ನಿಂತ. ಎದೆಯ ಮೇಲಿನ ಬಿಳಿ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸಾಕಾ?"

"ಇನ್ನೂ ಇಲ್ಲ."

"ಸರಿ," ಅಂದ.

ಎರಡನೆಯ ತಿಂಗಳಲ್ಲಿ ಅವನಿಗೆ ಜ್ವರ ಬಂತು. ಇಸ್ತ್ರಿ ಅಕ್ಕ ಡಾಕ್ಟರನ್ನು ಕಂಡು ಮಾತ್ರೆ ತಂದಳು, ಗಂಜಿ ಮಾಡಿಕೊಟ್ಟಳು, ಹಣೆಗೆ ತಣ್ಣೀರಿನ ಪಟ್ಟಿ ಹಾಕಿದಳು. ಎದ್ದು ಓಡಾಡುವಂತಾದ ದಿನ ಅವನು ಬಚ್ಚಲಿಗೆ ಹೋಗಿ ಹಬೆಯ ನಡುವಿನಿಂದ ಹೊರಬಂದ. ಮುಖದಲ್ಲಿ ಗೊಂದಲ.

"ಇವತ್ತು ಆರಿಸಲೇ ಇಲ್ವಲ್ಲ?"

"ಜ್ವರ ಪೂರ್ತಿ ಬಿಡಲಿ. ಕಾಯಿಲೆಯವರ ನೀರು ಆರಿಸೋಳು ನಾನಲ್ಲ."

ಅಣ್ಣ ಟವಲಿನಲ್ಲಿ ಮುಖ ಮುಚ್ಚಿಕೊಂಡ. ಅವಳು ಅವನ ಅಳು ನೋಡಲು ಕೂರದೆ, ಗಂಜಿ ಪಾತ್ರೆ ತೊಳೆಯಲು ಎದ್ದುಹೋದಳು. ಮೂರು ದಿನ ಬಿಸಿನೀರು ಕೊಟ್ಟು, ನಾಲ್ಕನೆಯ ದಿನ ಮತ್ತೆ ಆರಿಸಿದಳು.

ಮನೆ ಕಟ್ಟಿ ಮುಗಿಯುವವರೆಗೂ ಅಣ್ಣ ಅಲ್ಲೇ ಇದ್ದ. ಬೇರೆ ಕಡೆ ಹೋಗುತ್ತೇನೆ ಅನ್ನಲಿಲ್ಲ, ಸ್ನಾನದ ಹೊತ್ತನ್ನೂ ಬದಲಾಯಿಸಲಿಲ್ಲ. ಹೊರಡುವ ದಿನ ಲಿಫ್ಟಿನ ತನಕ ಅವಳೇ ಪೆಟ್ಟಿಗೆ ತಂದುಕೊಟ್ಟಳು.

"ಒಂದು ಸಲ ಬಂದು ಮನೆ ನೋಡು," ಅಂದ ಅಣ್ಣ.

"ಅತ್ತಿಗೆ ಕರೀಲಿ. ಬರ್ತೀನಿ."

ಅತ್ತಿಗೆ ಕರೆಯಲಿಲ್ಲ. ಅವಳೂ ಹೋಗಲಿಲ್ಲ. ಅಣ್ಣ ಮಾತ್ರ ತಿಂಗಳಿಗೊಮ್ಮೆ ಹೆಂಡತಿಗೆ ಹೇಳದೆ ಬಂದು ಒಂದು ಲೋಟ ಚಹಾ ಕುಡಿದು ಹೋಗುತ್ತಾನೆ. ಅವನು ಕೇಳದಿದ್ದರೂ ಅವಳು ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕುತ್ತಾಳೆ. ಕ್ಷಮಿಸಿದ್ದೀಯಾ ಅಂತ ಅವನು ಇನ್ನೂ ಕೇಳಿಲ್ಲ, ಕೇಳಿದರೆ ಏನು ಹೇಳಬೇಕು ಅಂತ ಅವಳೂ ಯೋಚಿಸಿಟ್ಟುಕೊಂಡಿಲ್ಲ.