ಹಾರದ ಮನುಷ್ಯ

1971ರ ಯುದ್ಧಕ್ಕೆ ಐವತ್ತು ವರ್ಷ ತುಂಬಿದಾಗ, ಬೇಗೂರಿನ ನಿವೃತ್ತ ವಾಯುಸೇನಾ ಮೆಕ್ಯಾನಿಕ್ ಒಬ್ಬರನ್ನು ನಾನು ಪತ್ರಿಕೆಯಲ್ಲಿ ಪೈಲಟ್ ಮಾಡಿದೆ. ಬಾಂಬರುಗಳ ಕಾವಲಿಗೆ ಹೋದ ಫೈಟರ್ ವಿಮಾನವನ್ನು ಅವರೇ ಹಾರಿಸಿದರೆಂದು ಬರೆದೆ. ಹೊಸಬರಿಗೆ ‘ಎರಡು ಸಲ ಕೇಳಿ ಬರೆಯಿರಿ’ ಎನ್ನುವ ನಾನು ಒಂದು ಸಲವೂ ಕೇಳಿರಲಿಲ್ಲ.

ಮರುದಿನ ಅವರು ಚಾಮರಾಜನಗರದ ನಮ್ಮ ಕಚೇರಿಗೆ ಬಂದರು. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಸುಕ್ಕುಗಳನ್ನು ಅಂಗೈಯಿಂದ ತೀಡಿದರು.

“ಪ್ಲೇನ್ ಓಡಿಸ್ದೋನಲ್ಲ ಕಣಪ್ಪ ನಾನು. ನಟ್ಟು ಬಿಗಿ ಮಾಡಿ ಕಳಿಸ್ದೋನು.”

“ಓದಿದವರಿಗೆಲ್ಲ ಖುಷಿಯಾಗಿದೆ, ಬಿಡಿ ಸಾರ್,” ಎಂದೆ.

“ಓಡಿಸ್ದೋರು ವಾಪಸ್ ಬರ್ನಿಲ್ಲ ಕಣಪ್ಪ. ಅವರ ಸೀಟಲ್ಲಿ ನನ್ನ ಕೂರಿಸ್ಬುಟ್ಯಲ್ಲ!”

ತಿದ್ದುಪಡಿ ಒಳಪುಟದಲ್ಲಿ ಎರಡು ಸಾಲು ಬಂತು. ಈ ವರ್ಷ ಉಡಿಗಾಲ ಗ್ರಾಮದಲ್ಲಿ ಅವರನ್ನು ಪೈಲಟ್ ಎಂದೇ ಸನ್ಮಾನಕ್ಕೆ ಕರೆದರು. ಅವರು ಹೋಗಿ, ಮೈಕಿನಲ್ಲಿ ವಾಪಸ್ ಬಾರದ ಆ ಪೈಲಟ್‌ನ ಹೆಸರು ಹೇಳಿ, ಶಾಲನ್ನು ಕುರ್ಚಿಯ ಮೇಲೇ ಬಿಟ್ಟು ಬಂದರು.